ನಾಲ್ಕು ಪಿನ್ನಿನಿಂದ ಹದಿನೈದಕ್ಕೆ: ಹಾರ್ಡ್ ಡಿಸ್ಕಿಗೆ ಕರೆಂಟು ಬಂದ ದಾರಿ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಸುಟ್ಟ ವಾಸನೆಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿದೆ. ಪವರ್ ಸಪ್ಲೈನಲ್ಲಿ ಖಾಲಿ ಉಳಿದಿದ್ದು ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ಮಾತ್ರ, ಡಿಸ್ಕಿಗೆ ಬೇಕಿದ್ದು ಸಾಟಾ. ಅಂಗಡಿಯಲ್ಲಿ ಅತಿ ಅಗ್ಗದ ಅಡಾಪ್ಟರ್ ಕೇಳಿ ತಂದೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಕಂಪ್ಯೂಟರ್ ಆಫ್ ಆಯ್ತು. ತೆರೆದು ನೋಡಿದರೆ ಕನೆಕ್ಟರ್ ಕರಗಿ ಡಿಸ್ಕಿಗೆ ಅಂಟಿಕೊಂಡಿತ್ತು. ಅದರಲ್ಲಿದ್ದಿದ್ದು ಅಪ್ಪ ತೀರಿಕೊಂಡ ಮೇಲೆ ನಾನು ಸ್ಕ್ಯಾನ್ ಮಾಡಿಟ್ಟ ಫೋಟೋಗಳು. ಅರ್ಧದಷ್ಟು ಅಕ್ಕನ ಪೆನ್‌ಡ್ರೈವ್‌ನಲ್ಲಿ ಸಿಕ್ಕವು, ಉಳಿದವು ಹೋದವು.

ಇಷ್ಟು ಚಿಕ್ಕ ವಸ್ತು ಹೀಗೇಕೆ ಮಾಡಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಕಥೆ.

ನಾವೆಲ್ಲ ಮೋಲೆಕ್ಸ್ ಅನ್ನುವ ಆ ಬಿಳಿ ಪ್ಲಗ್ಗು ಮೂಲದಲ್ಲಿ ಮೋಲೆಕ್ಸ್ ಕಂಪನಿಯದ್ದಲ್ಲ! ಅದು ಅಮೆರಿಕದ ಎಎಂಪಿ ಕಂಪನಿಯ ಮೇಟ್-ಎನ್-ಲಾಕ್, 1960ರ ದಶಕದ್ದು. ಶುಗಾರ್ಟ್ ಕಂಪನಿ 1976ರಲ್ಲಿ ತಂದ ಐದೂಕಾಲು ಇಂಚಿನ ಫ್ಲಾಪಿ ಡ್ರೈವಿನಲ್ಲಿ ಇದನ್ನು ಬಳಸಿತು. 1981ರಲ್ಲಿ ಐಬಿಎಂ ಪಿಸಿ ಬಂದಾಗಲೂ ಅದೇ ಉಳಿಯಿತು. ಹೆಸರು ಮಾತ್ರ ಇನ್ನೊಬ್ಬರದ್ದು ನಿಂತುಬಿಟ್ಟಿತು, ಯಾವ ಫೋಟೋಕಾಪಿಯನ್ನೂ ನಾವು ಜೆರಾಕ್ಸ್ ಅನ್ನೋ ಹಾಗೆ.

ಅದರ ಲೆಕ್ಕ ಬಹಳ ಸರಳ. ಹಳದಿ ತಂತಿ 12 ವೋಲ್ಟ್, ಮೋಟಾರು ತಿರುಗಿಸೋಕೆ. ಕೆಂಪು 5 ವೋಲ್ಟ್, ಡ್ರೈವಿನ ಸರ್ಕ್ಯೂಟಿಗೆ. ಮಧ್ಯದ ಎರಡು ಕಪ್ಪು ತಂತಿ ಗ್ರೌಂಡ್. ದಪ್ಪ ಪಿನ್ನು, ಗಟ್ಟಿಮುಟ್ಟು. ಆದರೆ ಹಾಕಿ ತೆಗೆಯೋದು ಒಂದು ಕುಸ್ತಿ. ಎರಡು ಮೂಲೆ ಓರೆಯಾಗಿ ಕತ್ತರಿಸಿದ್ದರೂ ಬಲ ಹಾಕಿದರೆ ಉಲ್ಟಾ ಕೂರುತ್ತಿತ್ತು. ಆಗ 5 ವೋಲ್ಟಿನ ಜಾಗಕ್ಕೆ 12 ಹೋಗಿ ಡ್ರೈವು ಅಲ್ಲಿಗೇ ಮುಗೀತು. ಮೂರೂವರೆ ಇಂಚಿನ ಫ್ಲಾಪಿ ಬಂದಾಗ ಅದಕ್ಕೆ ಬರ್ಗ್ ಅನ್ನುವ ಪುಟ್ಟ ನಾಲ್ಕು ಪಿನ್ನಿನ ಪ್ಲಗ್ಗು ಬಂತು.

ದೊಡ್ಡ ಬದಲಾವಣೆ ಬಂದಿದ್ದು 2003ರಲ್ಲಿ, ಸಾಟಾ ಜೊತೆ. ನಾಲ್ಕರ ಬದಲು ಹದಿನೈದು ಪಿನ್ನು, ಎಲ್ ಆಕಾರದ ಬಾಯಿ. ಉಲ್ಟಾ ಹಾಕೋ ಭಯ ಇಲ್ಲ. ಕೆಲವು ಪಿನ್ನು ಸ್ವಲ್ಪ ಉದ್ದ ಇಟ್ಟು, ಗ್ರೌಂಡ್ ಮೊದಲು ಕೂಡುವಂತೆ ಮಾಡಿದರು. ಹಾಗಾಗಿ ಯಂತ್ರ ಚಾಲೂ ಇರುವಾಗಲೇ ಡಿಸ್ಕ್ ಬದಲಿಸಬಹುದಾಯಿತು. ಆದರೆ ಪಿನ್ನು ತೆಳು. ಒಂದಕ್ಕೆ 1.5 ಆಂಪಿಯರ್ ಮಿತಿ. 12 ವೋಲ್ಟಿಗೆ ಮೂರು ಪಿನ್ನು, ಅಂದರೆ 4.5 ಆಂಪಿಯರ್, 54 ವ್ಯಾಟ್. ಹಾರ್ಡ್ ಡಿಸ್ಕಿಗೆ ಇದು ಧಾರಾಳ. ಆದರೆ ಸಾಟಾದಿಂದ ಗ್ರಾಫಿಕ್ಸ್ ಕಾರ್ಡಿನ ಆರು ಪಿನ್ನಿಗೆ ಹೋಗೋ ಅಡಾಪ್ಟರ್ ಮಾರ್ತಾರಲ್ಲ, ಆ ಆರು ಪಿನ್ನಿನ ಮಿತಿ 75 ವ್ಯಾಟ್. ಲೆಕ್ಕ ನೀವೇ ಹಾಕಿ. ಅದನ್ನು ಕೊಳ್ಳಲೇಬೇಡಿ.

ಹಾಗಾದರೆ ನನ್ನ ಅಡಾಪ್ಟರ್ ಯಾಕೆ ಸುಟ್ಟಿತು? ತಪ್ಪು ಲೆಕ್ಕದ್ದಲ್ಲ, ತಯಾರಿಕೆಯದ್ದು. ಅಗ್ಗದ ಅಡಾಪ್ಟರ್‌ಗಳಲ್ಲಿ ತಂತಿಗಳನ್ನು ಜೋಡಿಸಿ ಮೇಲೆ ಕರಗಿದ ಪ್ಲಾಸ್ಟಿಕ್ ಹುಯ್ದು ಮುಚ್ಚಿಬಿಡ್ತಾರೆ. ಒಳಗೆ ಎಳೆಗಳು ಸರಿದು ಹತ್ತಿರ ಬಂದಿದ್ದರೂ ಹೊರಗೆ ಕಾಣಿಸೋದಿಲ್ಲ. ಬಿಸಿಗೆ ಪ್ಲಾಸ್ಟಿಕ್ ಹಾಳಾದ ದಿನ 12 ವೋಲ್ಟು ಗ್ರೌಂಡಿಗೆ ಮುಟ್ಟುತ್ತೆ. ಇನ್ನೊಂದು ಬಗೆಯಲ್ಲಿ ಪ್ರತಿ ತಂತಿಯನ್ನೂ ಅದರದ್ದೇ ಗಾಡಿಯಲ್ಲಿ ಒತ್ತಿ ಕೂರಿಸಿ, ಹಿಂದೆ ಮುಚ್ಚಳ ಹಾಕಿರ್ತಾರೆ. ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ತಂತಿಗಳು ಒಂದೊಂದಾಗಿ ಬೇರೆ ಬೇರೆ ಕಂಡರೆ ತಗೊಳ್ಳಿ. ಒಂದೇ ಗಟ್ಟಿ ಪ್ಲಾಸ್ಟಿಕ್ ಮುದ್ದೆಯಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಕಥೆಗೆ ಒಂದು ತಮಾಷೆಯ ತಿರುವೂ ಇದೆ. ಸಾಟಾದ ಮೊದಲ ಮೂರು ಪಿನ್ನು 3.3 ವೋಲ್ಟಿಗೆ ಮೀಸಲಿದ್ದವು, ಬಳಸಿದ ಡ್ರೈವು ಕಡಿಮೆ. 2016ರ ಸಾಟಾ 3.3 ನಿಯಮದಲ್ಲಿ ಮೂರನೇ ಪಿನ್ನಿಗೆ ಹೊಸ ಕೆಲಸ ಬಂತು: ಅಲ್ಲಿ ಕರೆಂಟು ಬಂದರೆ ಡ್ರೈವು ಸುಮ್ಮನಾಗಬೇಕು. ದೊಡ್ಡ ಡೇಟಾ ಸೆಂಟರಿನಲ್ಲಿ ಡಿಸ್ಕನ್ನು ದೂರದಿಂದಲೇ ಆಫ್ ಮಾಡಿ ಆನ್ ಮಾಡೋಕೆ ಇದು ಅನುಕೂಲ. ಆದರೆ ಅಂಥ ಡ್ರೈವನ್ನು ಮನೆಯ ಹಳೇ ಪವರ್ ಸಪ್ಲೈಗೆ ಹಾಕಿದರೆ ತಿರುಗೋದೇ ಇಲ್ಲ, ಕೆಟ್ಟಿದೆ ಅಂತ ವಾಪಸ್ ಕೊಡೋರೂ ಇದ್ದಾರೆ. ಪರಿಹಾರ? ಅದೇ ಮೋಲೆಕ್ಸ್ ಅಡಾಪ್ಟರ್! ಅದರಲ್ಲಿ 3.3 ವೋಲ್ಟಿನ ಕಿತ್ತಳೆ ತಂತಿಯೇ ಇಲ್ಲವಲ್ಲ.

ಹಾಗಾಗಿ ಅಡಾಪ್ಟರ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಪವರ್ ಸಪ್ಲೈನಲ್ಲೇ ಸಾಟಾ ಇದ್ದರೆ ಮೊದಲು ಅದನ್ನು ಬಳಸಿ. ಇಲ್ಲದಿದ್ದರೆ ನೋಡಿ ಕೊಳ್ಳಿ. ಅದಕ್ಕೂ ಮೊದಲು ಫೋಟೋಗಳನ್ನು ಇನ್ನೊಂದು ಕಡೆ ಕಾಪಿ ಮಾಡಿ. ನಾನು ಅದನ್ನು ಕಲಿತಿದ್ದು ತಡವಾಗಿ. ಮುಂದಿನ ವಾರ ಸಿಗೋಣ.