ಬಟ್ಟೆ, ಮೇವು, ಇಂಧನ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದು ಆಮೇಲೆ. ಚನ್ನಗಿರಿಗೆ ಸೂಳೆಕೆರೆಯೂ ಭದ್ರಾ ನಾಲೆಯೂ ಇವೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಗಳೂರು ಮುಗಿಲು ನೋಡಿ ಬಾಳುವ ಬರದ ಸೀಮೆ. ಇಷ್ಟು ಭಿನ್ನವಾದ ಈ ನೆಲಗಳ ಮಳೆಯಾಶ್ರಿತ ಹೊಲಗಳನ್ನು ಇಂದು ಒಂದೇ ಬೆಳೆ ಬೆಸೆದಿದೆ. ಅದು ಮೆಕ್ಕೆಜೋಳ.

ಒಂದು ಕಾಲಕ್ಕೆ ಈ ಸೀಮೆಯ ಹಣದ ಬೆಳೆ ಹತ್ತಿಯಾಗಿತ್ತು. ಆ ಹತ್ತಿಯೇ ದಾವಣಗೆರೆಯ ಬಟ್ಟೆಗಿರಣಿಗಳನ್ನು ನಡೆಸಿ, ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ತಂದಿತು. ಗಿರಣಿಗಳು ಮುಚ್ಚಿದವು, ಹತ್ತಿಯೂ ಹಿಂದೆ ಸರಿಯಿತು. ಕಡಿಮೆ ಕೂಲಿಯಲ್ಲಿ ಕೈಗೆ ಬರುವ ಹೈಬ್ರಿಡ್ ಮೆಕ್ಕೆಜೋಳ ಕೋಳಿಮೇವಿಗಾಗಿ ಹೊಲ ತುಂಬಿತು. ರಾಗಿ, ಜೋಳದ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದ ರೂಢಿ ಕ್ಷೀಣಿಸಿತು.

ಈಗ ಅದೇ ಕಾಳಿಗೆ ಮೂರನೆಯ ಗಿರಾಕಿ ಬಂದಿದ್ದಾನೆ: ವಾಹನ. ಬ್ರೆಜಿಲ್ ದೇಶ 1975ರಲ್ಲೇ ಕಬ್ಬಿನ ಎಥೆನಾಲನ್ನು ಇಂಧನವಾಗಿಸುವ ಯೋಜನೆ ಹಿಡಿದಿತ್ತು. ನಮ್ಮಲ್ಲಿ 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ. 5ರಷ್ಟು ಎಥೆನಾಲ್ ಬೆರೆಸುವ ಕಾರ್ಯ ಆರಂಭವಾಯಿತು. ಆಗ ಅದರ ಮೂಲ ಸಕ್ಕರೆ ಕಾರ್ಖಾನೆಯ ಕಾಕಂಬಿ. 2018ರ ಜೈವಿಕ ಇಂಧನ ನೀತಿ ಧಾನ್ಯಗಳಿಗೂ ಬಾಗಿಲು ತೆರೆಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20ರ ಮಿಶ್ರಣದ ಮಾರಾಟಕ್ಕೆ ಚಾಲನೆ ದೊರೆಯಿತು. 2025ರಲ್ಲಿ ದೇಶವೇ ಆ ಗುರಿ ಮುಟ್ಟಿತು. ನಡುವೆ 2023ರ ಬರದಿಂದ ಕಬ್ಬು ಸೊರಗಿ, ಕಬ್ಬಿನ ಹಾಲನ್ನು ಎಥೆನಾಲಿಗೆ ಬಳಸಲು ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ಆ ಬಳಿಕ ಮೆಕ್ಕೆಜೋಳವೇ ಎಥೆನಾಲಿನ ಅತಿ ದೊಡ್ಡ ಮೂಲವಾಯಿತು. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ಎಥೆನಾಲ್ ದೊರೆಯುತ್ತದೆ. ಉಳಿದ ಹಿಂಡಿ ಪಶು-ಪಕ್ಷಿಗಳ ಮೇವಾಗುತ್ತದೆ.

ಇದರಲ್ಲಿ ಒಳಿತಿಲ್ಲವೆಂದಲ್ಲ. ಕಚ್ಚಾತೈಲದ ಆಮದು ತಗ್ಗುತ್ತದೆ, ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾಗುತ್ತದೆ. ಕಬ್ಬಿಗೆ ಹೋಲಿಸಿದರೆ ಮೆಕ್ಕೆಜೋಳ ಬೇಡುವ ನೀರೂ ಕಡಿಮೆ. ಸಕ್ಕರೆಯಿಂದ ತೆಗೆದ ಒಂದು ಲೀಟರ್ ಎಥೆನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎಂದು ನೀತಿ ಆಯೋಗವೇ 2021ರಲ್ಲಿ ಲೆಕ್ಕ ಹಾಕಿತ್ತು. ಆದರೆ ಮೆಕ್ಕೆಜೋಳ ಸಾರಜನಕವನ್ನು ಧಾರಾಳವಾಗಿ ಉಣ್ಣುವ ಬೆಳೆ. ವರ್ಷ ವರ್ಷವೂ ಅದನ್ನೇ ಬಿತ್ತಿದ ಹೊಲ ಯೂರಿಯಾ ಇಲ್ಲದೆ ಏಳದು. ಏಕಬೆಳೆಯ ಅಪಾಯವನ್ನು ನಮ್ಮ ನೆರೆಹೊರೆಯೇ ಮೊದಲು ಕಂಡಿತು. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಂದಿನಿಂದ ವಿಷದ ಸಿಂಪಡಣೆ ಬೇಸಾಯದ ಖರ್ಚಿಗೆ ಸೇರಿಕೊಂಡಿತು.

ಇಷ್ಟಾದರೂ ರೈತನಿಗೆ ಬೆಲೆಯ ಭರವಸೆ ಸಿಕ್ಕಿತೇ? 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದಾಗ ರಾಜ್ಯದ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು; ರೈತರು ಬೀದಿಗಿಳಿದರು. ಖರೀದಿಗಾಗಿ, ರಾಜ್ಯದ ಎಥೆನಾಲ್ ಘಟಕಗಳಿಗೆ ಹೆಚ್ಚಿನ ಹಂಚಿಕೆಗಾಗಿ ರಾಜ್ಯವು ಕೇಂದ್ರದ ಮೊರೆಹೋಯಿತು. ಗಿರಣಿಯ ಕಾಲದಲ್ಲಿ ಹತ್ತಿ ಬೆಳೆದವನ ಬಾಳು ಹೇಗೆ ದೂರದ ನಿರ್ಧಾರಗಳಿಗೆ ಕಟ್ಟುಬಿದ್ದಿತ್ತೋ, ಇಂದೂ ಹಾಗೆಯೇ ಇದೆ.

ಓದುಗ ಬಂಧುಗಳೇ, ಹೊಲದಿಂದ ಇಂಧನ ಬರುವುದು ತಪ್ಪಲ್ಲ. ಆದರೆ ಅದು ಉಂಡು ಮಿಕ್ಕದ್ದರಿಂದ ಬರಬೇಕು. 2018ರ ನೀತಿಯೂ ಬೆಳೆಯ ಉಳಿಕೆ, ಹಾಳಾದ ಧಾನ್ಯಗಳನ್ನು ಹೆಸರಿಸಿದೆ. ಆ ದಾರಿ ಇನ್ನೂ ಅಗಲವಾಗಬೇಕು. ಗಿರಣಿ ಮುಚ್ಚಿದಾಗ ಹತ್ತಿಯ ರೈತ ಬೇರೊಂದು ಬೆಳೆ ಹಿಡಿದು ಬದುಕಿದ, ಏಕೆಂದರೆ ನೆಲದಲ್ಲಿ ಇನ್ನೂ ಸತ್ವವಿತ್ತು. ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಮತ್ತೆ ಕಂಡರೆ, ನಾಳೆ ಈ ಗಿರಾಕಿಯೂ ಕೈಕೊಟ್ಟ ದಿನ, ಮನೆಯಲ್ಲಿ ಬೇಳೆ, ಮಣ್ಣಿನಲ್ಲಿ ಕಸುವು ಎರಡೂ ಉಳಿದಿರುತ್ತವೆ.