ಪೋಲಿಯೊ ಹೋಯಿತು, ಹುದ್ದೆ ಬರಲಿಲ್ಲ

ಲಕ್ವ ಹೊಡೆದವರನ್ನು ಆಟೋ ಮಾಡಿಕೊಂಡು ವಾರಕ್ಕೆ ಮೂರು ಸಲ ಪೇಟೆಗೆ ಕರೆದೊಯ್ಯುವ ಮನೆಗಳು ನಮ್ಮ ಊರುಗಳಲ್ಲಿವೆ. ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಯಾಕೆ ಸಿಗುವುದಿಲ್ಲ? ಉತ್ತರ ಹುಡುಕುತ್ತಾ ನಾವು 1950ರ ದಶಕದ ಮುಂಬೈವರೆಗೆ ಹಿಂದೆ ಹೋದೆವು.

ಆಗ ಅಲ್ಲಿ ಪೋಲಿಯೊ ಹಾವಳಿ. ಬದುಕುಳಿದ ಮಕ್ಕಳನ್ನು ಮತ್ತೆ ನಡೆಸಲು ತರಬೇತಿ ಪಡೆದವರು ಬೇಕಿತ್ತು. ಭಾರತ ಸರ್ಕಾರ, ಮುಂಬೈ ಮಹಾನಗರ ಪಾಲಿಕೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 1952-53ರಲ್ಲಿ ಪಾಲಿಕೆಯದೇ ಆದ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆದವು. ಹಣ ಜನರದು, ಕಲಿಕೆ ಜನರ ಆಸ್ಪತ್ರೆಯ ವಾರ್ಡಿನಲ್ಲೇ. 1955ರಲ್ಲಿ ಈ ವೃತ್ತಿಯವರ ಸಂಘವೂ ಹುಟ್ಟಿತು.

ಮುಂದೆ ಕಾಲೇಜುಗಳು ಹೆಚ್ಚಿದವು, ಬಹುಪಾಲು ಖಾಸಗಿ. ಆದರೆ ವೈದ್ಯರ, ನರ್ಸ್‌ಗಳ ಹುದ್ದೆಯಂತೆ ಫಿಸಿಯೋ ಹುದ್ದೆ ಎಲ್ಲ ತಾಲ್ಲೂಕಿಗೂ ಇಳಿಯಲಿಲ್ಲ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಗೆ ಒಬ್ಬರನ್ನು ಕೊಟ್ಟಿತು, ಅದೂ ಗುತ್ತಿಗೆ ಮೇಲೆ. ಈ ವೃತ್ತಿಯನ್ನೂ ಒಳಗೊಂಡ ಕೇಂದ್ರ ಕಾಯ್ದೆ ಬಂದದ್ದು 2021ರಲ್ಲಿ.

2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಲಕ್ವ, ಮಂಡಿನೋವು, ಬೈಕ್ ಅಪಘಾತ ಎಲ್ಲೂ ಹೋಗಿಲ್ಲ. ಅಂದು ಕಾಯಿಲೆ ಕಂಡು ಶಾಲೆ ತೆರೆದ ಸರ್ಕಾರ, ಇಂದು ಕಲಿತವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೊಂದು ಕುರ್ಚಿ ಹಾಕಿದರೆ, ಆ ಆಟೋ ಬಾಡಿಗೆಯಾದರೂ ಉಳಿದೀತು.