ವಾರದ ಮನೆಯ ಹುಡುಗರು

ನಮ್ಮ ತಂದೆ ಮೈಸೂರಿನಲ್ಲಿ ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ಸೋಮವಾರ ವಕೀಲರ ಮನೆ, ಮಂಗಳವಾರ ಅರ್ಚಕರ ಮನೆ, ಹೀಗೆ ದಿನಕ್ಕೊಂದು ಮನೆ. ಹದಿನಾಲ್ಕು ಹದಿನೈದರ ಹುಡುಗರ ಹಸಿವು ದೊಡ್ಡದು. ಆದರೂ ಇನ್ನಷ್ಟು ಅನ್ನ ಬಡಿಸಿ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಏಕಾದಶಿ ಬಂದರೆ ಆ ಮನೆಯವರ ಉಪವಾಸ ಇವರದೂ ಆಗುತ್ತಿತ್ತು. ಶನಿವಾರದ ಮನೆಯಲ್ಲಿ ಒಪ್ಪೊತ್ತು, ರಾತ್ರಿಗೆ ಅವಲಕ್ಕಿ. ಯಾರ ಮನೆಯಲ್ಲಾದರೂ ಸೂತಕವಾದರೆ ಆ ದಿನದ ವಾರ ತಪ್ಪಿತು, ನಲ್ಲಿ ನೀರೇ ಗತಿ. ಉಪ್ಪು ಹೆಚ್ಚಾಯಿತು, ಹುಳಿ ಸಾಲದು ಎಂದು ತಂದೆ ಕೊನೆಯವರೆಗೂ ಯಾವ ಅಡುಗೆಗೂ ಅನ್ನಲಿಲ್ಲ. ಅಮ್ಮ ಅದನ್ನು ಒಳ್ಳೆಯ ಗುಣ ಎನ್ನುತ್ತಿದ್ದರು. ನನಗೆ ಮಾತ್ರ ಅದು ಆ ವಯಸ್ಸಿನಲ್ಲಿ ಮೈಗೆ ಹತ್ತಿದ ಅಂಜಿಕೆಯಾಗಿಯೇ ಕಾಣುತ್ತದೆ.

ವಾರಾನ್ನವಿಲ್ಲದಿದ್ದರೆ ಎಷ್ಟೋ ಬಡ ಬ್ರಾಹ್ಮಣ ಹುಡುಗರು ಓದುತ್ತಿರಲಿಲ್ಲ, ನಿಜ. ಆದರೆ ಆ ಬಾಗಿಲು ಜಾತಿ ನೋಡಿಯೇ ತೆರೆಯುತ್ತಿತ್ತು. ಉಳಿದವರಿಗೆ ಆಸರೆಯಾದದ್ದು ಉಚಿತ ವಿದ್ಯಾರ್ಥಿನಿಲಯಗಳು. ದಲಿತ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ನಡೆಸಿದರು. ಧಾರವಾಡದ ಮುರುಘಾಮಠ ಹಳ್ಳಿಯ ಹುಡುಗರಿಗೆ ಪ್ರಸಾದ ನೀಡಿ ಓದಿಸಿತು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಂಡರು. ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವನೂ ಅಲ್ಲಿ ಮುದ್ದೆ ನುಂಗುವುದನ್ನು ಕಲಿತ. ಯಾರ ಮರ್ಜಿಯೂ ಕಾಯಬೇಕಿರಲಿಲ್ಲ. ಗಂಟೆ ಬಾರಿಸಿದರೆ ಊಟ. ಹಸಿದ ಹುಡುಗನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಸರ್ಕಾರ ಎಲೆ ಹಾಕಿದ್ದು ತಡವಾಗಿ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯಿತು, 2007ರ ಹೊತ್ತಿಗೆ ಹೈಸ್ಕೂಲಿಗೂ ಬಂತು.

2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡದವರಿಗೆ ಬಾಳೆಹಣ್ಣು ಇತ್ತು. ನಮ್ಮ ತಂದೆಗೆ ಸಿಗದೇ ಹೋದದ್ದು ಇದೇ: ಇದು ಬೇಕು, ಅದು ಬೇಡ ಎನ್ನುವ ಅವಕಾಶ. ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂದು ಸಭೆ ಸೇರುವ ಹಿರಿಯರಲ್ಲಿ ನನ್ನದೊಂದೇ ಕೋರಿಕೆ. ತೀರ್ಮಾನಕ್ಕೆ ಮೊದಲು ಆ ಮಕ್ಕಳನ್ನು ಕರೆದು ಕೇಳಿ.